ಒಂದೇ ಒಂದು ಗುಳ್ಳೆ

ಒಂದೇ ಒಂದು ಗುಳ್ಳೆ ಅಲ್ವೇನಕ್ಕಾ, ನಲ್ಲಿ ನೀರಿಂದೇ ಇರುತ್ತೆ ಬಿಡಿ, ಅಂದರು ಡಾಕ್ಟರು, ಎರಡು ಮಾಸ್ಕು, ಅದರ ಮೇಲೆ ಫೇಸ್ ಶೀಲ್ಡು, ಕಣ್ಣಷ್ಟೇ ಕಾಣುವ ಮನುಷ್ಯ — ಬಿಡೋದು ಹೇಗೆ, ಈಗ ತಾನೇ ಒಬ್ಬರ ಹೊಟ್ಟೆಗೆ ಇಳಿದು ಬಂದ ಎಂಡೋಸ್ಕೋಪಿ ಪೈಪು ಇದು, ಒಳಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿದ್ದೀನಿ, ತೂತಿಲ್ಲದಿದ್ದರೆ ಗುಳ್ಳೆ ಯಾಕೆ ಬರಬೇಕು, ತೂತಿದ್ದರೆ ಆ ಹೊಟ್ಟೆಯ ಕೊಳೆ ರಬ್ಬರಿನ ಒಳಗೇ ಸೇರಿಕೊಂಡಿರುತ್ತೆ, ಎಷ್ಟು ತಿಕ್ಕಿದರೂ ನನ್ನ ಬ್ರಷ್ಷು ಅಲ್ಲಿಗೆ ಹೋಗಲ್ಲ, ಆಮೇಲೆ ಅದು ಹೊರಗೆ ಸರದಿ ಕಾಯ್ತಾ ಕೂತಿರೋ ಟೈಲರ ಗಂಟಲಿಗೆ ಸೀದಾ. ಪಾಪ ಟೈಲರು, ಊರಿಗೆಲ್ಲ ಈ ಅಂಟುರೋಗ ಬಂದಾಗಿನಿಂದ ಮೂರು ಸಲ ವಾಪಸ್ ಕಳಿಸಿದೆವು, ಅರ್ಜೆಂಟಲ್ಲ, ಆಮೇಲೆ ಬನ್ನಿ ಅಂತ, ನಾಲ್ಕು ತಿಂಗಳು ಮುಚ್ಚಿದ್ದ ಎಂಡೋಸ್ಕೋಪಿ ರೂಮಿನ ಬಾಗಿಲು ತೆಗೆದಿದ್ದೇ ಇವತ್ತು, ಬೆಳಿಗ್ಗೆ ಪ್ಯಾಂಟಿನ ಸೊಂಟ ಹಿಡಿದು ತೋರಿಸ್ತಿದ್ದರು, ನೋಡಕ್ಕಾ, ಊರವರದ್ದೆಲ್ಲ ಸಡಿಲ ಮಾಡಿಕೊಡೋನು ನಾನು, ನನ್ನದನ್ನ ಎರಡು ಸಲ ಒಳಗೆ ಹಿಡಿದೆ, ಇವತ್ತೂ ಕಳಿಸಿದರೆ ಮಿಷನ್ ತಂದು ನಿಮ್ಮ ಬಾಗಿಲಲ್ಲೇ ಕೂತ್ಕೋತೀನಿ — ಕೂತ್ಕೊಳ್ಳಲಿ. ಎಲ್ಲರಿಗೂ ಗಾಳಿಯದೇ ಭಯ, ಲಿಫ್ಟಿನ ಗುಂಡೀನ ಮೊಣಕೈಯಲ್ಲಿ ಒತ್ತುತ್ತಾರೆ, ಟೈಲರ ಮೂಗಿಗೆ ಕಡ್ಡಿ ಹಾಕಿ ಪಾಸು ಅಂದಿದ್ದಾರೆ, ಪೈಪಿಗೆ ಟೆಸ್ಟು ಮಾಡೋಳು ನಾನೊಬ್ಬಳು, ನಾನು ಫೇಲು ಅಂದರೆ ಫೇಲು. ಅಪ್ಪನ ಪಂಕ್ಚರ್ ಅಂಗಡಿ, ತಗಡಿನ ಬೋಗುಣಿ, ಕಪ್ಪು ಟ್ಯೂಬು, ಗುಳ್ಳೆ ಕಂಡರೆ ಬೆರಳಲ್ಲಿ ಒರೆಸು ಮಗಳೇ, ಒರೆಸಿ ಕೈ ಅಲ್ಲಾಡಿಸದೆ ಕಾಯಿ, ನೀರಿನದಾದರೆ ಹೋಯ್ತು, ಟ್ಯೂಬಿನದಾದರೆ ಅದೇ ಜಾಗಕ್ಕೆ ಮತ್ತೆ ಬರುತ್ತೆ, ಒಂದು ಸಲ ಕಾಯದೇ ಕೊಟ್ಟುಬಿಟ್ಟೆ, ಅಂಚೆಯವನು ಮೂರು ಬೀದಿ ಸೈಕಲ್ ತಳ್ಳಿಕೊಂಡು ಬಂದ, ಅಪ್ಪ ಬೈಯಲಿಲ್ಲ, ಬೋಗುಣಿ ತಂದು ನನ್ನ ಮುಂದೆ ಇಟ್ಟ, ಅಷ್ಟೇ — ಅಂಚೆಯವನೇನೋ ತಳ್ಳಿಕೊಂಡು ಬಂದ, ಟೈಲರು ಏನನ್ನ ತಳ್ಳಿಕೊಂಡು ಬರಬೇಕು.

ಪಟ್ಟಿಯಲ್ಲಿ ಇನ್ನೂ ಆರು ಜನ, ಇರೋದು ಇದೊಂದೇ ಪೈಪು, ಇನ್ನೊಂದು ರಿಪೇರಿಯಿಂದ ಬರೋದು ನಾಳೆ, ಡಾಕ್ಟರಿಗೂ ಮೇಲಿನವರ ಕಾಟ, ಗೊತ್ತು, ತೊಳೆದದ್ದು ಸರಿಯಿದೆ ಅಂತ ಒಂದು ಸಹಿ ಹಾಕಿಬಿಡಿ ಅಕ್ಕಾ ಅಂತಾರೆ, ಪೆನ್ನು ಮುಂದೆ ಬರುತ್ತೆ, ನನ್ನ ಎರಡೂ ಕೈ ನೀರಲ್ಲಿವೆ, ತೆಗೆಯಲ್ಲ. ಹಾಕಲ್ಲ ಡಾಕ್ಟ್ರೇ. ಬೇಕಿದ್ದರೆ ಬೇರೆಯವರನ್ನ ಕರೆಸಿ, ಅವರ ಕೈಗೂ ಇದೇ ನೀರು. ಟೈಲರಿಗೆ ನಾನೇ ಹೇಳ್ತೀನಿ, ನಾಳೆ ಮೊದಲನೆಯವರು ನೀವೇ ಅಂತ. ಬಾಯಿಗೆ ಬಂದಂಗೆ ಬೈತಾರೆ ನಿಮ್ಮನ್ನ, ಅಂತಾರೆ. ಬೈಯಲಿ, ಬೈಯೋಕಾದರೂ ಗಂಟಲು ನೆಟ್ಟಗಿರಬೇಕಲ್ಲ, ನೀವೊಂದು ಸಲ ಬಗ್ಗಿ ನೋಡಿ.

ಬಗ್ಗಿದರು, ಶೀಲ್ಡಿನ ಅಂಚು ನೀರಿಗೆ ತಾಗುವಷ್ಟು, ಹೆಬ್ಬೆರಳಲ್ಲಿ ಒರೆಸುತ್ತೇನೆ, ಕೈ ಅಲ್ಲಾಡಿಸುವುದಿಲ್ಲ, ನೀರು ನಿಲ್ಲುತ್ತೆ, ಅಪ್ಪನ ಬೋಗುಣಿಯ ಹಾಗೆ ನಿಲ್ಲುತ್ತೆ, ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಪೈಪು ಬಾಗುವ ಕತ್ತಿನ ಹತ್ತಿರ, ಅದೇ ಜಾಗದಲ್ಲಿ, ಸಾಸಿವೆಯಷ್ಟು ಊದಿ, ಕಳಚಿ, ಮೇಲೆ ಬಂದು ಒಡೆಯುವ ಗುಳ್ಳೆ, ಮತ್ತೆ ಒಂದು ಗುಳ್ಳೆ —