ವಿಗಾತಿಯ ಬೆನ್ನಿನ ಕೆಂಪು ಗೆರೆಗಳು

ನಡುರಾತ್ರಿ ಪಿಂಗಾಣಿ ತಟ್ಟೆಗೆ ನಾಣ್ಯ ತಾಗಿದ ಸಣ್ಣ ಸದ್ದು ಕೇಳಿಸಿತು. ಟಿಣ್. ಅಷ್ಟೇ.

ವಿಗಾತಿಗೆ ಆ ಸದ್ದಿನ ಅರ್ಥ ಗೊತ್ತಿತ್ತು. ಅತ್ತೆಗೆ ಎಚ್ಚರವಾಗಿದೆ. ಬಾಯಿಗೆ ದಿಂಬು ಒತ್ತಿಕೊಂಡಿದ್ದರೂ ತನ್ನ ಏದುಸಿರು ಬಿದಿರಿನ ಗೋಡೆಯಾಚೆ ಕೇಳಿಸಿಬಿಟ್ಟಿದೆ.

“ಏಳು ಮಗಳೇ, ಬೆನ್ನು ಕೊಡು. ಮತ್ತೆ ಗಾಳಿ ಹೊಕ್ಕಿದೆ,” ಎನ್ನುತ್ತ ಅತ್ತೆ ಸುಗಿಯೆಮ್ ತಟ್ಟೆ ಹಿಡಿದು ಬಂದರು.

ತಲೆ ನೊಂದರೂ, ಚಳಿಯಾದರೂ, ಎದೆ ಬಡಿದುಕೊಂಡರೂ ಜಾವಾ ದ್ವೀಪದ ಆ ಹಳ್ಳಿಯಲ್ಲಿ ಹೇಳುವುದು ಒಂದೇ ಮಾತು: ಗಾಳಿ ಹೊಕ್ಕಿದೆ. ಮಾಡುವುದೂ ಒಂದೇ ಮದ್ದು: ನಾಣ್ಯವನ್ನು ಎಣ್ಣೆಯಲ್ಲಿ ಅದ್ದಿ, ಬೆನ್ನು ಕೆಂಪಾಗುವವರೆಗೆ ಗೀರುವುದು. ವಿಗಾತಿ ರವಿಕೆ ಬಿಚ್ಚಿ ಬೋರಲಾಗಿ ಮಲಗಿದಳು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಈಗಲೇ ಸತ್ತುಹೋಗುತ್ತೇನೆ ಎನ್ನಿಸುತ್ತಿತ್ತು. ಯಾಕೆ ಎಂದು ಕೇಳಿದರೆ ಹೇಳಲು ಅವಳ ಬಳಿ ಕಾರಣವಿರಲಿಲ್ಲ. ಕಾರಣವಿಲ್ಲದ ಭಯ. ಅದೇ ಅವಳಿಗೆ ದೊಡ್ಡ ನಾಚಿಕೆ. ಹೀಗೆಯೇ ಆರು ತಿಂಗಳು ಕಳೆದಿದ್ದವು.

ಆ ವಾರವೇ ಮಕ್ಕಳ ತೂಕದ ದಿನ ಬಂತು. ವಿಗಾತಿ ಹಳ್ಳಿಯ ಆರೋಗ್ಯ ಸ್ವಯಂಸೇವಕಿ. ಊರಿನ ಸಭಾಮಂಟಪದ ತೊಲೆಗೆ ತಕ್ಕಡಿ ಕಟ್ಟಿ, ಬಟ್ಟೆಯ ಜೋಲಿಯಲ್ಲಿ ಮಗುವನ್ನು ಕೂರಿಸಿ, ತೂಕ ಓದುವ ಕೆಲಸ ಅವಳದು. “ಕಾಯಿಲೆ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ” ಎಂದು ನಾಲ್ಕು ವರ್ಷದಿಂದ ಮನೆಮನೆಗೆ ಹೇಳಿಕೊಂಡು ಬಂದವಳೂ ಅವಳೇ.

ತುಮಿನಿಯ ಎಂಟು ತಿಂಗಳ ಗಂಡುಮಗು ಜೋಲಿಯಲ್ಲಿತ್ತು. ಜೋಲಿಯ ಪಟ್ಟಿ ಇನ್ನೂ ಕಟ್ಟಿರಲಿಲ್ಲ. ಇದ್ದಕ್ಕಿದ್ದಂತೆ ವಿಗಾತಿಯ ಕೈ ತಣ್ಣಗಾಯಿತು, ಕಿವಿ ಗುಯ್‌ಗುಟ್ಟಿತು, ಉಸಿರು ಸಿಗಲಿಲ್ಲ. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಅವಳು ಕೈಬಿಟ್ಟು ಹೊರಗೆ ಓಡಿದ್ದಳು.

ಹಿಂದಿನಿಂದ ತುಮಿನಿಯ ಕೂಗು ಕೇಳಿಸಿತು. “ಏನಮ್ಮಾ, ನನ್ನ ಮಗ ಏನು ಬಾಳೆಗೊನೇನಾ? ನೇತುಹಾಕಿ ಹೊರಟೇ ಹೋದ್ಯಲ್ಲ!”

ಯಾರೋ ನಕ್ಕರು. ಮಗು ಬೀಳಲಿಲ್ಲ, ತುಮಿನಿ ಅದರ ಕಾಲು ಹಿಡಿದುಕೊಂಡಿದ್ದಳು. ಆದರೆ ವಿಗಾತಿಗೆ ಆ ನಗು ಕೆನ್ನೆಗೆ ಹೊಡೆದಂತಾಯಿತು. ಅವಳು ಮಂಟಪದ ಹಿಂದೆ ನೀರಿನ ಡ್ರಮ್ಮಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

ಅಲ್ಲಿಗೆ ಬಂದವರು ಹಳ್ಳಿಯ ದಾದಿ ಎಂಡಾಂಗ್. ಹಿರಿಯ ಹೆಂಗಸರ ಹೆಸರಿಗೆ ಮರ್ಯಾದೆಯ ‘ಬು’ ಸೇರಿಸುವುದು ಅಲ್ಲಿನ ರೂಢಿ, ಹಾಗಾಗಿ ಊರಿಗೆಲ್ಲ ಬು ಎಂಡಾಂಗ್.

“ಹೊಟ್ಟೆ ಕೆಟ್ಟಿತ್ತು ಬು,” ಎಂದಳು ವಿಗಾತಿ.

“ಹೊಟ್ಟೆ ಕೆಟ್ಟವರು ಎದೆ ಹಿಡ್ಕೊಂಡು ಕೂರ್ತಾರಾ?” ಬು ಎಂಡಾಂಗ್ ಪಕ್ಕದಲ್ಲಿ ಕೂತರು. ವಿಗಾತಿಯ ರವಿಕೆಯ ಕತ್ತು ಸರಿದು, ಬೆನ್ನಿನ ಮೇಲ್ಭಾಗ ಕಾಣುತ್ತಿತ್ತು. ಮೀನಿನ ಮುಳ್ಳಿನಂತೆ ಕೆಂಪು ಗೆರೆಗಳು. ಹಳೆಯವು ಮಾಸುವ ಮೊದಲೇ ಹೊಸವು ಬಿದ್ದಿದ್ದವು.

“ಎಷ್ಟು ದಿನದಿಂದ?”

“ಆರು ತಿಂಗಳು. ಬು, ನನ್ನ ಹೆಸರು ಸ್ವಯಂಸೇವಕಿಯರ ಪಟ್ಟಿಯಿಂದ ತೆಗೆದುಬಿಡಿ. ಇನ್ನು ನಾನು ಯಾರ ಮಗೂನೂ ಮುಟ್ಟಲ್ಲ.”

“ತೆಗಿಯೋದು ಆಮೇಲೆ ನೋಡೋಣ. ಮೊದಲು ನಾಳೆ ನನ್ನ ಜೊತೆ ಆರೋಗ್ಯ ಕೇಂದ್ರಕ್ಕೆ ಬಾ.”

ಆರೋಗ್ಯ ಕೇಂದ್ರದಲ್ಲಿ ಡಾಕ್ಟರಮ್ಮ ಮೊದಲು ಎದೆಯ ಪರೀಕ್ಷೆ ಮಾಡಿದರು, ರಕ್ತ ನೋಡಿದರು. ಫಲಿತಾಂಶ ಬಂದ ಮೇಲೆ ಮತ್ತೆ ಕರೆಸಿ ನಿಧಾನವಾಗಿ ವಿವರಿಸಿದರು. “ನಿಮ್ಮ ಹೃದಯ ಚೆನ್ನಾಗಿದೆ. ಇದು ಆತಂಕದ ಕಾಯಿಲೆ. ಸೋಮಾರಿತನವೂ ಅಲ್ಲ, ನಾಟಕವೂ ಅಲ್ಲ. ವಾರಕ್ಕೊಮ್ಮೆ ಇಲ್ಲಿ ಕೂತು ಮಾತಾಡುವ, ಉಸಿರಾಟ ಕಲಿಯುವ ದಾರಿ ಇದೆ. ಮಾತ್ರೆಯೂ ಇದೆ. ಕೆಲವರಿಗೆ ಮಾತೇ ಸಾಕು. ನಿಮಗೆ ನಿದ್ದೆ, ಊಟ, ಕೆಲಸ ಎಲ್ಲ ತಪ್ಪಿದೆ, ಹಾಗಾಗಿ ಎರಡೂ ಇರಲಿ ಅಂತ ನನ್ನ ಅಭಿಪ್ರಾಯ. ಆದರೆ ತೀರ್ಮಾನ ನಿಮ್ಮದು.”

ತೀರ್ಮಾನ ನಿಮ್ಮದು! ಅದೇ ಕಷ್ಟವಾಗಿತ್ತು. ತಗೊಳ್ಳಲೇಬೇಕು ಎಂದು ಗದರಿದ್ದರೆ ನುಂಗಿಬಿಡುತ್ತಿದ್ದಳೇನೋ. ಅಲ್ಲಿಂದ ತಂದ ಮಾತ್ರೆಯ ಹಾಳೆ ಮೂರು ದಿನ ಬಟ್ಟೆಯ ಕಪಾಟಿನಲ್ಲಿ, ಮಡಿಚಿಟ್ಟ ಸರೋಂಗು ಲುಂಗಿಗಳ ಕೆಳಗೆ ಮಲಗಿತ್ತು. ನುಂಗಿದರೆ ನಾನು ಹುಚ್ಚಿ ಎಂದು ಒಪ್ಪಿಕೊಂಡಂತೆ ಎನ್ನಿಸುತ್ತಿತ್ತು. ನುಂಗದಿದ್ದರೆ ಮತ್ತೊಂದು ಮಗು ಕೈತಪ್ಪಿದರೆ? ಐದು ಹೊತ್ತು ಪ್ರಾರ್ಥನೆ ಮಾಡುವವಳಿಗೆ ಮಾತ್ರೆ ಯಾಕೆ ಬೇಕು, ನನ್ನ ನಂಬಿಕೆಯಲ್ಲೇ ಕೊರತೆಯಿದೆಯೇ ಎಂದೂ ಅನ್ನಿಸುತ್ತಿತ್ತು. ದಿನಕ್ಕೆ ಎರಡು ಸಲ ಹಾಳೆ ತೆಗೆದು ನೋಡುವಳು, ಮತ್ತೆ ಮುಚ್ಚಿಡುವಳು.

ನಾಲ್ಕನೆಯ ದಿನ ಹಾಳೆ ಸುಗಿಯೆಮ್ ಅವರ ಕೈಗೆ ಸಿಕ್ಕಿತು.

“ಇದು ಏನೇ?”

“ಮಾತ್ರೆ ಅಮ್ಮ. ಭಯಕ್ಕೆ.”

“ಭಯಕ್ಕೆ ಮಾತ್ರೆಯಾ? ಹುಚ್ಚರಿಗೆ ಕೊಡೋದನ್ನ ನಮ್ಮನೆ ಸೊಸೆಗೆ ಕೊಟ್ಟರಾ? ಯಾರು ಕರ್ಕೊಂಡು ಹೋದದ್ದು? ಯಾರಾದ್ರೂ ನೋಡಿದ್ರಾ?”

ವಿಗಾತಿ ತಲೆ ತಗ್ಗಿಸಿ ನಿಂತಳು. ಆರೋಗ್ಯ ಕೇಂದ್ರದ ಔಷಧಿ ಕಿಟಕಿಯ ಮುಂದೆ ಪಕ್ಕದ ಬೀದಿಯವರು ಇಬ್ಬರಿದ್ದರು. ಹೇಳಲಿಲ್ಲ.

ಸಂಜೆ ಬು ಎಂಡಾಂಗ್ ತಾವಾಗಿಯೇ ಬಂದರು. ಸುಗಿಯೆಮ್ ಸಿಹಿ ಚಹಾ, ಕರಿದ ಸೋಯಾ ಬಿಲ್ಲೆ ತೆಂಪೆ ತಂದಿಟ್ಟರು, ಮುಖ ಮಾತ್ರ ಬಿಗಿದುಕೊಂಡೇ ಇದ್ದರು.

“ನಮ್ಮ ಹುಡುಗೀಗೆ ಗಾಳಿ ಬು, ಬೇರೇನಿಲ್ಲ. ನನ್ನ ಕೈಗೆ ಬಗ್ಗುತ್ತೆ.”

“ಬಗ್ಗಿದೆಯಾ?”

ಸುಗಿಯೆಮ್ ತೆಂಪೆಯ ತಟ್ಟೆಯನ್ನು ಅವರತ್ತ ಸರಿಸಿದರು.

“ರಾತ್ರಿ ಎದ್ದು ಬೆನ್ನು ನೀವೋ ಅತ್ತೆ ಎಷ್ಟು ಜನಕ್ಕೆ ಸಿಗ್ತಾರೆ ಹೇಳಿ? ಆ ಕೈಯಿಂದ ಅವಳಿಗೆ ಧೈರ್ಯ ಬಂದಿದೆ. ಆದರೆ ಕಾಯಿಲೆ ಬೆನ್ನಲ್ಲಿಲ್ಲವಲ್ಲ, ಗೀರಿ ಗೀರಿ ಚರ್ಮ ಸುಲಿದರೂ ಅಲ್ಲಿ ಸಿಗಲ್ಲ.”

“ಆ ಮಾತ್ರೆ ಒಂದು ಸಲ ಹಿಡಿದರೆ ಸಾಯೋವರೆಗೂ ಬಿಡಲ್ಲವಂತೆ. ಮಂಕಾಗಿ ಮೂಲೆಯಲ್ಲಿ ಕೂರ್ತಾರಂತೆ.”

“ಅಂತೆ, ಅಂತೆ! ಸಂತೆಯಲ್ಲಿ ಹಸಿಮೆಣಸಿನಕಾಯಿ ಜೊತೆ ಕೊಸರು ಹಾಕಿಸ್ಕೊಂಡು ಬಂದ ಸುದ್ದಿ ತಾನೇ ಇದು?” ಬು ಎಂಡಾಂಗ್ ನಕ್ಕರು. ವಿಗಾತಿಗೂ ನಗು ಬಂತು, ತಡೆದುಕೊಂಡಳು. “ಕೇಳಿ. ಇದು ನಿದ್ದೆ ಮಾತ್ರೆ ಅಲ್ಲ. ಚಟ ಹಿಡಿಸೋದೂ ಅಲ್ಲ. ಸಾಮಾನ್ಯವಾಗಿ ಕೆಲವು ತಿಂಗಳು, ಒಂದು ವರ್ಷ ತಗೊಂಡು, ಆಮೇಲೆ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾರೆ. ನಾವಾಗೇ ಪಟಕ್ಕನೆ ನಿಲ್ಲಿಸಬಾರದು, ಅಷ್ಟೇ.”

“ಎದೆ ಹೊಡ್ಕೊಂಡಾಗ ಮಾತ್ರ ತಗೊಂಡರೆ?” ವಿಗಾತಿ ಮೊದಲ ಸಲ ಬಾಯಿ ತೆರೆದಳು.

“ಇದು ಹಾಗೆ ಕೆಲಸ ಮಾಡಲ್ಲಮ್ಮ. ದಿನಾ ತಗೊಂಡರೆ ಎರಡರಿಂದ ಆರು ವಾರಕ್ಕೆ ಗುಣ ಕಾಣುತ್ತೆ. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಸ್ವಲ್ಪ ಜಾಸ್ತೀನೇ ಆಗಬಹುದು. ಹೆದರಿ ಬಿಸಾಡಬೇಡ, ನಂಗೆ ಹೇಳು. ಬದುಕೇ ಬೇಡ ಅನ್ನಿಸಿದರೆ ಮಾತ್ರ ಹಗಲು ರಾತ್ರಿ ನೋಡದೆ ಬಾಗಿಲು ತಟ್ಟು. ಕೇಳಿಸ್ತಾ?”

“ಕೇಳಿಸ್ತು ಬು.”

ದಾದಿ ಹೋದ ಮೇಲೆ ಇಬ್ಬರೇ ಉಳಿದರು. ವಿಗಾತಿಯ ಗಂಡ ಲಾರಿ ಓಡಿಸಿಕೊಂಡು ಸುರಬಾಯಾ ನಗರದ ಕಡೆಗೆ ಹೋಗಿದ್ದ. ಸುಗಿಯೆಮ್ ಚಹಾ ಲೋಟಗಳನ್ನು ಎತ್ತದೆ ಕೂತಿದ್ದರು.

“ನನಗೊಬ್ಬ ಅಣ್ಣ ಇದ್ದ,” ಎಂದರು.

ಏಳು ವರ್ಷದ ಸಂಸಾರದಲ್ಲಿ ವಿಗಾತಿ ಆ ಮಾತು ಕೇಳಿರಲಿಲ್ಲ.

“ಅವನಿಗೂ ಏನೋ ಆಗಿತ್ತು. ಕೂಗಾಡ್ತಿದ್ದ. ಹುಚ್ಚು ಅಂತ ಊರವರು ಹೆಸರಿಟ್ಟರು. ಅಪ್ಪ ಹಿತ್ತಲ ಕೊಟ್ಟಿಗೆಯಲ್ಲಿ ಮರದ ದಿಮ್ಮಿಗೆ ಅವನ ಕಾಲು ಕೂಡಿಸಿ ಬೀಗ ಹಾಕಿದ. ಅನ್ನ ತಗೊಂಡು ಹೋಗೋದು ನನ್ನ ಕೆಲಸ. ಬೀಗದ ಕೈ ಎಲ್ಲಿದೆ ಅಂತ ನಂಗೆ ಗೊತ್ತಿತ್ತು. ದಿನಾ ಕೇಳ್ತಿದ್ದ, ‘ತೆಗಿಯೇ ಪುಟ್ಟಿ, ಒಂದೇ ಸಲ ಹೊಳೆವರೆಗೂ ಹೋಗಿ ಬರ್ತೀನಿ’ ಅಂತ. ನಾನು ತಟ್ಟೆ ಇಟ್ಟು ಓಡಿಬರ್ತಿದ್ದೆ. ನಾಲ್ಕು ವರ್ಷ. ಅಲ್ಲೇ ಹೋದ.”

ಅವರು ಲೋಟವೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು.

“ನಿನ್ನ ಏದುಸಿರು ಮೊದಲ ಸಲ ಕೇಳಿದ ದಿನವೇ ನಂಗೆ ಗೊತ್ತಾಗಿತ್ತು, ಇದು ಗಾಳಿ ಅಲ್ಲ ಅಂತ. ಗಾಳಿ ಅಂದರೆ ಯಾರೂ ಮತ್ತೇನೂ ಕೇಳಲ್ಲ. ಬೇರೆ ಹೆಸರು ಬಂದರೆ... ಅದಕ್ಕೇ ಗೀರಿದೆ. ನಿನ್ನ ಕಾಪಾಡ್ತಿದ್ದೀನಿ ಅಂದ್ಕೊಂಡು ನಿನ್ನ ಬೆನ್ನು ಹಾಳು ಮಾಡಿದೆ.” ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಊರಿನಲ್ಲಿ ಎಲ್ಲರ ಬಾಯಿ ಮುಚ್ಚಿಸುವ ಸುಗಿಯೆಮ್ ಚಿಕ್ಕ ಹುಡುಗಿಯಂತೆ ಬಿಕ್ಕುತ್ತಿದ್ದರು.

ವಿಗಾತಿ ಎದ್ದಳು. ಹೋಗಿ ಪಕ್ಕದಲ್ಲಿ ಕೂತಳು. ತುಂಬ ಹೊತ್ತಿನ ಮೇಲೆ ಸುಗಿಯೆಮ್ ಕಣ್ಣೊರೆಸಿಕೊಂಡು ಎದ್ದರು, ಒಂದು ಲೋಟ ನೀರು, ಮಾತ್ರೆಯ ಹಾಳೆ ತಂದರು.

“ತಗೋ. ನಾಳೆಯಿಂದ ನಾನೇ ನೆನಪು ಮಾಡ್ತೀನಿ.”

ಮೊದಲ ವಾರ ಹೊಟ್ಟೆ ತೊಳಸಿತು. ಎರಡು ದಿನ ಸಾಕಪ್ಪಾ ಎನ್ನಿಸಿತು. ಬು ಎಂಡಾಂಗ್ ಹೇಳಿದ್ದರಿಂದ ಬಿಡಲಿಲ್ಲ. ನಾಲ್ಕನೆಯ ವಾರದ ಒಂದು ಬೆಳಿಗ್ಗೆ, ರಾತ್ರಿಯೆಲ್ಲ ನಿದ್ದೆ ಮಾಡಿದ್ದೇನೆ ಎಂದು ಅವಳಿಗೆ ಎದ್ದ ಮೇಲೆ ಗೊತ್ತಾಯಿತು. ಭಯ ಪೂರ್ತಿ ಹೋಗಿರಲಿಲ್ಲ. ಬಂದರೂ ಅವಳನ್ನು ಓಡಿಸುತ್ತಿರಲಿಲ್ಲ, ಬಂದು ಸ್ವಲ್ಪ ಹೊತ್ತಿದ್ದು ಹೋಗುತ್ತಿತ್ತು. ತೂಕದ ಕೆಲಸಕ್ಕೆ ಮತ್ತೆ ಬರುತ್ತೇನೆ ಎಂದು ಬು ಎಂಡಾಂಗ್ ಅವರಿಗೆ ಅವಳೇ ಹೇಳಿಕಳಿಸಿದಳು.

ಗಂಡ ಫೋನಿನಲ್ಲಿ ಕೇಳಿದ. “ಅಮ್ಮ ಹೇಗೆ ಒಪ್ಪಿದರು? ಅವರು ಯಾರ ಮಾತಿಗೂ ಬಗ್ಗೋರಲ್ಲ. ಅವತ್ತು ಮನೇಲಿ ಏನಾಯ್ತು?”

ವಿಗಾತಿ ಅಡುಗೆಮನೆಯ ಕಡೆ ನೋಡಿದಳು. ಸುಗಿಯೆಮ್ ಸೊಪ್ಪು ಬಿಡಿಸುತ್ತಿದ್ದರು, ಕೈ ನಿಂತಿತ್ತು. ಮಾತ್ರೆಯ ವಿಷಯ ತನ್ನದು, ಅದನ್ನು ಗಂಡನಿಗೆ ಹೇಳಿಯಾಗಿತ್ತು. ಕೊಟ್ಟಿಗೆಯ ವಿಷಯ ತನ್ನದಲ್ಲ. ಅದನ್ನು ಹೇಳುವುದಿದ್ದರೆ ಆ ಅಣ್ಣನ ತಂಗಿಯೇ ಹೇಳಬೇಕು.

“ಏನೂ ಆಗಲಿಲ್ಲ. ಬು ಎಂಡಾಂಗ್ ಬಂದು ವಿವರಿಸಿದರು, ಅಮ್ಮ ಒಪ್ಪಿದರು,” ಎಂದಳು. ಗಂಡನಿಗಷ್ಟೇ ಅಲ್ಲ, ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿಕೊಂಡಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ಬೇರೆಯವರು ನಂಬಿ ಹೇಳಿಕೊಂಡ ನೋವನ್ನು ವಿಗಾತಿಯಂತೆ ಕಾಪಾಡಿ. ನಿಮ್ಮದೇ ನೋವನ್ನು ಮಾತ್ರ ಹಾಗೆ ಬಚ್ಚಿಡಬೇಡಿ. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತಿದ್ದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಅಥವಾ ಹತ್ತಿರದ ಆಸ್ಪತ್ರೆಯ ಡಾಕ್ಟರಿಗೆ ಹೇಳಿ. ಮಾತ್ರೆ ಬೇಕೇ, ಮಾತು ಸಾಕೇ ಎಂದು ಅವರನ್ನೇ ಕೇಳಿ. ಇನ್ನೊಬ್ಬರ ಮಾತ್ರೆ ನುಂಗಬೇಡಿ, ನಿಮ್ಮದನ್ನು ನೀವಾಗಿಯೇ ನಿಲ್ಲಿಸಬೇಡಿ. ನಾಚಿಕೆಯಾಗುತ್ತದೆ, ನಿಜ. ಅದು ಹೋಗಲೆಂದು ಕಾಯುತ್ತ ಕೂರಬೇಡಿ. ನಾಚಿಕೊಂಡೇ ಹೋಗಿ, ಆದರೆ ಹೋಗಿ.