ಬ್ಯಾಂಕಿನ ಬಾಗಿಲು ತೆಗೆಯುವವರೆಗೆ

"ಕಿಟಕಿ ಹಾಕಿ. ಹತ್ತೂವರೆವರೆಗೂ ಯಾರೂ ಅಳಬೇಡಿ," ಎನ್ನುತ್ತ ಅನಂತರಾಮು ನಡುಮನೆಯಲ್ಲಿ ಸುತ್ತುತ್ತಿದ್ದ. ಅವನ ಚಿಕ್ಕಮ್ಮ, ರಿಟೈರ್ಡ್ ಟೀಚರ್ ಸೀತಾಲಕ್ಷ್ಮಿ, ಬೆಳಿಗ್ಗೆ ಆರಕ್ಕೆ ತೀರಿಕೊಂಡಿದ್ದರು. ಜಯನಗರದ ಆ ಮನೆಯ ಎದುರಿಗೇ ಅವರ ಬ್ಯಾಂಕು. ಅಳು ರಸ್ತೆ ದಾಟಿದರೆ ಖಾತೆಗೆ ಬೀಗ ಬೀಳುತ್ತದೆ ಎಂಬ ಭಯ ಅವನಿಗೆ.

ಆಗಲೇ ದನಿ ತೆಗೆದಿದ್ದ, ಸೀತಾಲಕ್ಷ್ಮಿಯವರ ನಾದಿನಿ ಸರಸ್ವತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಬಂದಿರೋ ಅಳೂನ ಎಲ್ಲಿಡ್ಲೋ?"

"ಅಡುಗೆಮನೇಲಿ ಮಿಕ್ಸಿ ಹಾಕ್ಕೊಂಡು ಅಳಿ, ಅತ್ತೆ."

"ಸಾವಿನ ಮನೇಲಿ ಮಿಕ್ಸಿನಾ?"

ಅನಂತರಾಮು ಅಷ್ಟರಲ್ಲಿ ಪಕ್ಕದ ಮನೆಯ ಸಂಜೀವಯ್ಯನವರತ್ತ ತಿರುಗಿದ್ದ. ಸೀತಾಲಕ್ಷ್ಮಿಯವರ ಪವರ್ ಆಫ್ ಅಟಾರ್ನಿ ಇದ್ದದ್ದು ಅವರ ಹೆಸರಿಗೆ. ಮೂರು ವರ್ಷದಿಂದ ಆಕೆಯ ಚೆಕ್ಕಿಗೆಲ್ಲ ಅವರದೇ ರುಜು.

"ಬಾಗಿಲು ತೆಗೆದ ತಕ್ಷಣ ಒಂದು ಸೈನ್ ಹಾಕಿ, ಇರೋದೆಲ್ಲಾ ತಂದ್ಬಿಡಿ ಸಾರ್."

"ಆರು ಗಂಟೆಗೇ ಮುಗೀತಪ್ಪ. ಅವರಿರೋವರೆಗೆ ನನ್ನ ಸೈನು. ಈಗ ಹಾಕಿದ್ರೆ ಕಳ್ಳತನ."

"ನಿಮಗೂ ಅವ್ರಿಗೂ ಮಾತೇ ಇರ್ಲಿಲ್ಲ. ಹೋಗಿದ್ದು ಗೊತ್ತೇ ಆಗ್ಲಿಲ್ಲ ಅಂದ್ರಾಯ್ತು." ಅನಂತರಾಮು ದನಿ ತಗ್ಗಿಸಿದ. "ತರದಿದ್ರೆ, ಇಷ್ಟು ದಿನ ನೀವೇ ತಿಂದ್ರಿ ಅಂತ ಇಡೀ ಬ್ಲಾಕಿಗೆ ಹೇಳ್ತೀನಿ."

ಸಂಜೀವಯ್ಯನವರ ಮುಖ ಸುಟ್ಟಂತಾಯಿತು. ಅವರು ಜೀವಮಾನದಲ್ಲಿ ಜೋಪಾನ ಮಾಡಿಕೊಂಡು ಬಂದದ್ದು ತಮ್ಮ ಹೆಸರೊಂದನ್ನೇ.

*

ಮಾತು ಬಿಟ್ಟದ್ದು ತೊಂಬತ್ತೊಂದರಲ್ಲಿ. ಸೀತಾಲಕ್ಷ್ಮಿ ತಮ್ಮ ಜಾಗ ಆರಿಂಚು ನುಂಗಿದ್ದಾರೆಂದು ಸಂಜೀವಯ್ಯ ರಂಪ ಮಾಡಿ ಅಳತೆ ಹಾಕಿಸಿದರು. ನೋಡಿದರೆ ಸಂಜೀವಯ್ಯನವರ ಕಾಂಪೌಂಡೇ ಎರಡಿಂಚು ಆಕೆಯ ಜಾಗಕ್ಕೆ ಹೋಗಿತ್ತು. ಮರುದಿನವೇ ಗೋಡೆ ಒಡೆಸಿ ಎರಡಿಂಚು ಒಳಗೆ ಕಟ್ಟಿಸಿದರು. ನಾಚಿಕೆಯಿಂದ ಆಕೆಯ ಮುಖ ನೋಡುವುದನ್ನೂ ಬಿಟ್ಟರು.

ಹತ್ತು ವರ್ಷದ ಮೇಲೆ ಪಕ್ಕದ ಮನೆಯಿಂದ ಅಂಚೆಯಲ್ಲಿ ಕಾಗದ ಬಂತು. ಕೈ ನಡುಗುತ್ತದೆ, ರುಜು ಹೊಂದುತ್ತಿಲ್ಲವೆಂದು ಬ್ಯಾಂಕಿನವರು ಚೆಕ್ಕು ಹಿಂದಿರುಗಿಸುತ್ತಾರೆ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬನ್ನಿ ಎಂದಿತ್ತು. ಅಲ್ಲಿ ಪತ್ರ ಬರೆಯುವವನನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಕೂತರು.

"ಅಕ್ಕನ ಮಗ ಇದ್ದಾನಲ್ಲ, ನಾನ್ಯಾಕೆ ಅಂತ ಕೇಳಿ ಇವರನ್ನ," ಎಂದರು ಸಂಜೀವಯ್ಯ ಅವನಿಗೆ.

"ಅವನಿಗೆ ನನ್ನ ಮೇಲೆ ತುಂಬಾ ಪ್ರೀತಿ, ಕೇಳ್ದೇನೇ ತಗೋತಾನೆ ಅಂತ ಹೇಳಿ. ಇವರು ಎರಡಿಂಚು ವಾಪಸ್ ಕೊಟ್ಟೋರು."

ಪತ್ರ ಬರೆಯುವವನು ಅತ್ತ ಇತ್ತ ತಿರುಗಿ ತಿರುಗಿ ಕತ್ತು ನೀವಿಕೊಂಡ. ಪವರ್ ಆಫ್ ಅಟಾರ್ನಿ ರಿಜಿಸ್ಟರ್ ಆಯಿತು. ಮನೆಗೆ ಇಬ್ಬರೂ ಬೇರೆ ಬೇರೆ ಆಟೋದಲ್ಲಿ ಬಂದರು.

*

ಹತ್ತಕ್ಕೆ ಬ್ಯಾಂಕಿನ ಷಟರ್ ಎದ್ದಿತು. ಅನಂತರಾಮು ಚೆಕ್ ಪುಸ್ತಕವನ್ನೂ ಪೆನ್ನನ್ನೂ ಕೈಗೆ ತುರುಕಿದ. ಸಂಜೀವಯ್ಯ ಅವನ್ನು ಹಿಡಿದುಕೊಂಡು ರಸ್ತೆ ದಾಟಿದರು.

"ಬನ್ನಿ ಸಾರ್," ಎಂದ ಮ್ಯಾನೇಜರು ಕುರ್ಚಿ ತೋರಿಸಿದ. "ಟೀಚರ್ ಹೇಗಿದ್ದಾರೆ?"

ಕಾನೂನು ಪ್ರಕಾರ ತಮ್ಮ ಅಧಿಕಾರ ಮುಗಿಯಿತೆಂದು ಹೇಳುವುದಕ್ಕೆ ಸಂಜೀವಯ್ಯ ದಾರಿಯಲ್ಲೇ ವಾಕ್ಯ ಜೋಡಿಸಿಕೊಂಡಿದ್ದರು. ಅದರಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ. ಚೆಕ್ ಪುಸ್ತಕವನ್ನು ಮೇಜಿನ ಮೇಲಿಟ್ಟು ಆಚೆಗೆ ನೂಕಿದರು.

"ಇದು ನಿಮ್ಮ ಹತ್ರಾನೇ ಇರ್ಲಿ. ಸೀತಾಲಕ್ಷ್ಮಿ ಹೋಗ್ಬಿಟ್ರು ಸಾರ್," ಎಂದವರೇ ಹೋ ಎಂದು ಅತ್ತುಬಿಟ್ಟರು. ಕೌಂಟರಿನಲ್ಲಿ ನೋಟು ಎಣಿಸುತ್ತಿದ್ದವನ ಲೆಕ್ಕ ತಪ್ಪಿತು. ಎಷ್ಟು ಜೋರಾಗಿ ಅಳುತ್ತಿದ್ದೇನೆಂಬುದು ಸಂಜೀವಯ್ಯನವರಿಗೇ ತಿಳಿಯಲಿಲ್ಲ.

ಆ ಸದ್ದಿಗೆ ರಸ್ತೆಯಾಚೆ ಕಿಟಕಿಯೊಂದು ಧಡಾರನೆ ತೆರೆಯಿತು. ನಾಲ್ಕು ಗಂಟೆ ಕಾಲ ಕಟ್ಟಿಟ್ಟಿದ್ದ ಸರಸ್ವತಮ್ಮನ ಅಳು ಹೊರಬಿತ್ತು, ಅದರ ಹಿಂದೆ ಮನೆಮಂದಿಯ ಅಳೆಲ್ಲ ಹೊರಬಿತ್ತು. ಸಂಜೀವಯ್ಯ ಒದ್ದೆಗಣ್ಣು ಎತ್ತಿ ನೋಡಿದರು. ಎದುರು ಮನೆಯ ಗೇಟಿನ ಬಳಿ ಅನಂತರಾಮು ಒಬ್ಬನೇ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ.