ಸೂರಿಗೆ ತೊಡಿಸಿದ ಜೀನ್ಸ್

ಅಟ್ಟದ ಕೋಣೆ ಮಗಳಿಗೇ ಎಂದು ಮಾತಾಗಿತ್ತು, ಆದರೆ ಒಂದು ಷರತ್ತು: ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಮೇಣದ ಬಳಪ ಕರಗಬಾರದು. ಹೋದ ಬೇಸಿಗೆಯಲ್ಲಿ ಅವಳು ಮರೆತು ಬಂದಿದ್ದ ಬಳಪಗಳೆಲ್ಲ ನೀರಾಗಿ ನೆಲದ ಹಲಗೆಗೆ ಅಂಟಿಕೊಂಡಿದ್ದವು. ಸೂರು ತಣ್ಣಗಾಗುವವರೆಗೆ ಅವಳ ಹಾಸಿಗೆ ಅಜ್ಜಿಯ ಪಕ್ಕದಲ್ಲೇ. ನಮ್ಮ ಅತ್ತೆಯ ಗೊರಕೆಗೆ ಕಿಟಕಿಯ ಗಾಜೂ ತಾಳ ಹಾಕುತ್ತದೆ.

ಬಿಸಿ ತಡೆಯುವ ಹಾಸು ತರಲು ಎಲ್ಲರೂ ಅಂಗಡಿಗೆ ಹೋದೆವು. ಗಾಜಿನ ಎಳೆಯದನ್ನು ಮುಟ್ಟಿದ್ದೇ ತಡ, ನನ್ನ ಕೈ ತುರಿಸತೊಡಗಿತು. ಗಟ್ಟಿ ಫೋಮ್ ಹಲಗೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಬೇಕು. ನಮ್ಮ ಸೂರಿನ ತೊಲೆಗಳೋ ಒಂದರಂತೆ ಇನ್ನೊಂದಿಲ್ಲ. ಕೊನೆಗೆ ಅಂಗಡಿಯವನು ಹಳೆಯ ಜೀನ್ಸ್ ಬಟ್ಟೆ ಅರೆದು ಮಾಡಿದ ಮೆತ್ತನೆಯ ನೀಲಿ ಹಾಸು ಬಿಚ್ಚಿದ. ನನಗೆ ನೋಡಿದ ತಕ್ಷಣ ಹಿಡಿಸಿತು.

"ಅಯ್ಯೋ, ಸೂರಿಗೂ ಪ್ಯಾಂಟ್ ತೊಡಿಸ್ತೀರಾ?" ಎಂದರು ಅತ್ತೆ. "ಜೇಬಿದ್ಯಾ ನೋಡು!"

ತುಂಬುವ ಕೆಲಸವನ್ನು ನಮ್ಮವರು ತಾವೇ ವಹಿಸಿಕೊಂಡರು. ಪೆಟ್ಟಿಗೆ ತುಂಬುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮುಚ್ಚಳದ ಮೇಲೆ ಕೂತಾದರೂ ಇನ್ನೊಂದು ಅಂಗಿ ತುರುಕಿದರೇನೇ ಸಮಾಧಾನ. ತೊಲೆಗಳ ನಡುವಿನ ಸಂದಿಗಳಿಗೂ ಅದೇ ಗತಿಯಾಯಿತು. ಒಂದು ಪದರದ ಜಾಗಕ್ಕೆ ಎರಡು ಪದರ! ನಾನು ಹಾಲು ಕಾಯಿಸಿಟ್ಟು ಮೇಲೆ ಹೋಗುವಷ್ಟರಲ್ಲಿ ಹಾಸೆಲ್ಲ ಮುಗಿದಿತ್ತು. ಅರ್ಧ ಸೂರು ಇನ್ನೂ ಬೋಳು.

"ಅಂಗಡಿಯವನು ಕಮ್ಮಿ ಕೊಟ್ಟಿದಾನೆ," ಎಂದರು ಬೆವರು ಒರೆಸಿಕೊಳ್ಳುತ್ತಾ.

ಮಗಳು ಆಸೆ ಬಿಡದೆ ಅಟ್ಟದ ಕೋಣೆಯ ನಡುವೆ ಒಂದು ಕೆಂಪು ಬಳಪ ನಿಲ್ಲಿಸಿದಳು. ಊಟ ಮುಗಿಸಿ ಬಂದು ನೋಡಿದರೆ ಅದು ಕತ್ತು ಬಗ್ಗಿಸಿತ್ತು. ಅವಳ ಕತ್ತೂ ಬಗ್ಗಿತು.

"ಹಾಗಾದ್ರೆ ನಂಗೆ ಗೊರಕೆನೇ ಗತಿ."

ಅತ್ತೆ ಮೆಟ್ಟಿಲ ಕಂಬಿ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದರು. ಸಂದಿಯಲ್ಲಿದ್ದ ನೀಲಿ ಹಾಸಿನೊಳಗೆ ಬೆರಳು ಚುಚ್ಚಿ ನೋಡಿದರು.

"ಏನೋ ಇದು, ಕಲ್ಲು ಮಾಡಿಟ್ಟಿದೀಯ! ನಿನ್ನ ದಿಂಬನ್ನ ನಾನು ಹೀಗೆ ತುಂಬಿದ್ದಿದ್ರೆ ತಲೆ ಒಡೀತಿತ್ತು. ಮಧ್ಯೆ ಗಾಳಿ ಇದ್ರೆ ತಾನೇ ಬಿಸಿ ತಡೆಯೋದು?"

"ಜಾಸ್ತಿ ಇದ್ರೆ ಒಳ್ಳೇದಲ್ವೇನಮ್ಮ?"

"ಉಪ್ಪೂ ಹಾಗೇನಾ?"

ನಮ್ಮವರು ಮತ್ತೆ ಏಣಿ ಹತ್ತಿದರು. ತುರುಕಿದ್ದನ್ನೆಲ್ಲ ಅವರು ಎಳೆದೆಳೆದು ಕೊಟ್ಟರು. ನಾವು ಮೂವರೂ ನೆಲದಲ್ಲಿ ಕೂತು ಕೊಡವಿ ಬಿಡಿಸಿದೆವು. ಅದುಮಿಟ್ಟಿದ್ದ ಹಾಸು ನಿದ್ದೆಯಿಂದೆದ್ದ ಮಗುವಿನಂತೆ ಮೈಮುರಿದು ಉಬ್ಬಿತು. ಎಲ್ಲರ ತಲೆಯೂ ನೀಲಿ. ಮಗಳು ಅಪ್ಪನಿಗೊಂದು ನೀಲಿ ಮೀಸೆ ಅಂಟಿಸಿದಾಗ ಅವರು ನಕ್ಕ ರಭಸಕ್ಕೆ ಏಣಿಯೇ ಅಲುಗಾಡಿತು. ಒಂದೊಂದೇ ಪದರ ಹರಡುತ್ತಾ ಹೋದಂತೆ ಕೊನೆಯ ಸಂದಿಯೂ ತುಂಬಿ, ಒಂದು ತುಂಡು ಉಳಿಯಿತು. ಮೇಲೆ ಹಲಗೆ ಹೊಡೆದು ಮುಚ್ಚಿದೆವು.

ಮರುದಿನ ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದಾಗ ಮೇಲಿನಿಂದ ಕಿರುಚಾಟ ಕೇಳಿಸಿತು.

"ಅಮ್ಮಾ! ನೆಟ್ಟಗೆ ನಿಂತಿದೆ!"

ಸೋಪಿನ ಕೈಯಲ್ಲೇ ಓಡಿದೆ. ಹೊಸ ಬಳಪ ಸಿಪಾಯಿಯಂತೆ ನಿಂತಿತ್ತು. ಅದರಿಂದಲೇ ಅವಳು ಬಾಗಿಲ ಮೇಲೆ ದಪ್ಪಗೆ 'ನನ್ನ ಕೋಣೆ' ಎಂದು ಬರೆದಳು. ಅಳಿಸು ಎನ್ನಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ಮಡಚಿದ ಬಟ್ಟೆ ಹಿಡಿದು ಮೆಟ್ಟಿಲು ಹತ್ತುವಾಗಲೇ ಪರಿಚಿತ ಸದ್ದು ಕೇಳಿಸಿತು. ಮಗಳ ಹೊಸ ಹಾಸಿಗೆಯಲ್ಲಿ ಅತ್ತೆ, ತಲೆಯಡಿ ಉಳಿದಿದ್ದ ನೀಲಿ ತುಂಡು. ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದ ಮಗಳು ತುಟಿಯ ಮೇಲೆ ಬೆರಳಿಟ್ಟಳು.

"ಶ್! ನೆಂಟರು ಮಲಗಿದಾರೆ."

ತಿರುಗಿ ಬರುವಾಗ ನೋಡಿದೆ. ಬಾಗಿಲ ಮೇಲೆ ಇನ್ನೊಂದು ಸಾಲು ಸೇರಿತ್ತು: 'ಅಜ್ಜಿಗೆ ಮಧ್ಯಾಹ್ನ ಮಾತ್ರ.'